ಮೊದಲ ದಿನದ ಚೇತರಿಕೆಯನ್ನು ನಂಬಬೇಡಿ

ಅಡಿಕೆ ತೋಟವಾಗಲಿ, ಮೆಕ್ಕೆಜೋಳದ ಹೊಲವಾಗಲಿ, ಕಳೆ ಕೀಳಲು ಆಳು ಸಿಗುವುದು ಕಷ್ಟವಾದ ಮೇಲೆ ಕಳೆನಾಶಕದ ಕ್ಯಾನು ರೈತರ ಮನೆಯ ಮೂಲೆ ಸೇರಿದೆ. ಅಂಥ ಔಷಧಿಗಳಲ್ಲಿ ಅತ್ಯಂತ ಕ್ರೂರವಾದದ್ದು ಪ್ಯಾರಾಕ್ವಾಟ್. 1962ರಲ್ಲಿ ಮಾರುಕಟ್ಟೆಗೆ ಬಂದ ಈ ವಿಷಕ್ಕೆ ಇಂದಿಗೂ ಪ್ರತಿವಿಷವಿಲ್ಲ.

ಕೀಟನಾಶಕ ಕುಡಿದವರ ಬಾಯಲ್ಲಿ ನೊರೆ ಬರುತ್ತದೆ, ಎಚ್ಚರ ತಪ್ಪುತ್ತದೆ. ಮನೆಯವರು ಗಾಬರಿಬಿದ್ದು ಓಡುತ್ತಾರೆ. ಪ್ಯಾರಾಕ್ವಾಟ್ ಹಾಗಲ್ಲ. ವಾಂತಿಯಾಗುತ್ತದೆ, ಗಂಟಲು ಉರಿಯುತ್ತದೆ. ಆದರೂ ಎಷ್ಟೋ ಜನ ಎದ್ದು ಕೂತು ಮಾತಾಡುತ್ತಾರೆ. "ಚೆನ್ನಾಗೇ ಇದ್ದಾನಲ್ಲ" ಎಂದು ಮನೆಗೆ ಕರೆದೊಯ್ಯುವವರಿದ್ದಾರೆ. ಒಂದೆರಡು ದಿನ ಕಳೆಯುವಷ್ಟರಲ್ಲಿ ನಾಲಿಗೆ, ತುಟಿ ಹುಣ್ಣಾಗುತ್ತವೆ, ಮೂತ್ರ ಕಡಿಮೆಯಾಗುತ್ತದೆ. ಆಮೇಲೆ ಉಸಿರಾಟಕ್ಕೆ ತೊಂದರೆ. ಶ್ವಾಸಕೋಶದ ಕೋಶಗಳೇ ಈ ವಿಷವನ್ನು ಒಳಗೆ ಎಳೆದುಕೊಳ್ಳುತ್ತವೆ. ಅಲ್ಲಿ ಆಮ್ಲಜನಕ ಸಿಕ್ಕಷ್ಟೂ ಹಾನಿ ಹೆಚ್ಚು. ಅದಕ್ಕೇ ರಕ್ತದ ಆಮ್ಲಜನಕ ತೀರಾ ಇಳಿಯುವವರೆಗೆ ವೈದ್ಯರು ಮಾಸ್ಕ್ ಹಾಕುವುದಿಲ್ಲ. ಅದು ನಿರ್ಲಕ್ಷ್ಯವಲ್ಲ, ದಯವಿಟ್ಟು ಜಗಳಕ್ಕೆ ನಿಲ್ಲಬೇಡಿ.

ಹಾಗಾದರೆ ಮುಂದೇನಾದೀತು ಎಂದು ವೈದ್ಯರಿಗೆ ತಿಳಿಯುವುದು ಹೇಗೆ? ಮೊದಲ ಸುಳಿವು ಮೂತ್ರದಲ್ಲಿದೆ. ಸ್ವಲ್ಪ ಮೂತ್ರಕ್ಕೆ ಸೋಡಾ ಪುಡಿ ಮತ್ತು ಸೋಡಿಯಂ ಡೈಥಯೊನೈಟ್ ಬೆರೆಸಿದರೆ, ಪ್ಯಾರಾಕ್ವಾಟ್ ಇದ್ದಲ್ಲಿ ಅದು ನೀಲಿಯಾಗುತ್ತದೆ. ತಿಳಿ ನೀಲಿಯಾದರೆ ಆಸೆ ಇಟ್ಟುಕೊಳ್ಳಬಹುದು. ಕಪ್ಪಿಗೆ ತಿರುಗುವ ಕಡುನೀಲಿ ಕೆಟ್ಟ ಸೂಚನೆ. ದೊಡ್ಡ ಯಂತ್ರ ಬೇಡದ ಈ ಪರೀಕ್ಷೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ರಕ್ತದಲ್ಲಿರುವ ವಿಷದ ಮಟ್ಟ. 1979ರಲ್ಲಿ ಪ್ರೌಡ್‌ಫುಟ್ ಎಂಬ ಸಂಶೋಧಕ ಮತ್ತು ಸಂಗಡಿಗರು ಇದನ್ನು ಗಂಟೆಗೆ ಹೊಂದಿಸಿ ತೋರಿಸಿದರು. ವಿಷ ಸೇರಿದ ನಾಲ್ಕು ಗಂಟೆಗೆ ಲೀಟರಿಗೆ 2 ಮಿಲಿಗ್ರಾಂ ಇದ್ದ ಅಪಾಯದ ಗೆರೆ, ಇಪ್ಪತ್ನಾಲ್ಕು ಗಂಟೆಗೆ 0.1ಕ್ಕೆ ಇಳಿಯುತ್ತದೆ. ಅಂದರೆ ಗಂಟೆ ಗೊತ್ತಿಲ್ಲದೆ ಆ ಅಂಕಿಗೆ ಅರ್ಥವೇ ಇಲ್ಲ. ಈ ಪರೀಕ್ಷೆ ಎಲ್ಲ ಕಡೆ ಸಿಗದು. ಆಗ ಮೂತ್ರಪಿಂಡದ ಹಾನಿ ಸೂಚಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟು ಬೇಗ ಏರುತ್ತಿದೆ, ದೇಹಕ್ಕಾದ ಪೆಟ್ಟು ತೋರುವ ಲ್ಯಾಕ್ಟೇಟ್ ಎಷ್ಟಿದೆ ಎಂದು ಮತ್ತೆ ಮತ್ತೆ ನೋಡುತ್ತಾರೆ.

ಕುಡಿದದ್ದು ಗ್ಲೈಫೋಸೇಟ್ ಎಂಬ ಇನ್ನೊಂದು ಕಳೆನಾಶಕವಾದರೆ ಲೆಕ್ಕ ಬೇರೆ. ಅದರಲ್ಲಿ ಬೆರೆಸಿದ ಸಾಬೂನಿನಂಥ ದ್ರಾವಣವೂ ರಕ್ತದೊತ್ತಡವನ್ನು ಕೆಡವಬಲ್ಲದು; ರೋಗಿಯ ವಯಸ್ಸು, ಪೊಟ್ಯಾಸಿಯಂ, ಇಸಿಜಿ ಅಲ್ಲಿ ಮುಖ್ಯವಾಗುತ್ತವೆ. ಯಾವ ಔಷಧಿ ಎಂದು ಗೊತ್ತಾಗದೆ ಅಂದಾಜೇ ಸಾಧ್ಯವಿಲ್ಲ.

ಪೊಲೀಸ್ ಕೇಸಿಗೆ ಹೆದರಿ, ಮಾನಕ್ಕೆ ಅಂಜಿ, ಎಷ್ಟೋ ಮನೆಯವರು ಕುಡಿದ ಹೊತ್ತನ್ನೂ ಪ್ರಮಾಣವನ್ನೂ ಮುಚ್ಚಿಡುತ್ತಾರೆ. ವೈದ್ಯರಿಗೆ ಬೇಕಾದದ್ದೇ ಆ ಎರಡು ಸಂಗತಿ.

ಕೇರಳ 2011ರಲ್ಲೇ ಪ್ಯಾರಾಕ್ವಾಟ್ ನಿಷೇಧಿಸಿತು. ದಕ್ಷಿಣ ಕೊರಿಯಾ 2012ರಲ್ಲಿ ಮಾರಾಟ ನಿಲ್ಲಿಸಿದ ಮೇಲೆ ಅಲ್ಲಿ ಕೀಟನಾಶಕ, ಕಳೆನಾಶಕಗಳಿಂದಾಗುವ ಆತ್ಮಹತ್ಯೆಗಳು ಗಣನೀಯವಾಗಿ ಇಳಿದವು. ನಾವೂ ಆ ದಾರಿ ಹಿಡಿಯಬೇಕು.

ಅಲ್ಲಿಯವರೆಗೆ ಕ್ಯಾನಿಗೆ ಬೀಗ ಹಾಕಿ, ಕುಡಿಯುವ ನೀರಿನ ಬಾಟಲಿಗೆ ಎಂದೂ ಸುರಿದಿಡಬೇಡಿ. ಅನಾಹುತವಾದರೆ ವಾಂತಿ ಮಾಡಿಸುತ್ತ ಕೂರದೆ 108ಕ್ಕೆ ಕರೆ ಮಾಡಿ. ಕ್ಯಾನನ್ನೂ ಜೊತೆಗೆ ಒಯ್ಯಿರಿ, ಹೊತ್ತನ್ನು ನಿಜವಾಗಿ ಹೇಳಿ. ಮನಸ್ಸು ಕುಸಿದು ಬದುಕು ಬೇಡವೆನಿಸಿದವರು 14416, ಟೆಲಿ ಮಾನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.