ಗುಂಡಿನ ಗಾಯವೂ ಅದರ ಉಪಚಾರವೂ
(ಕುಷ್ಟಗಿಯಲ್ಲಿ ಶಿಕ್ಷಕ ಬಂಧುಗಳ ಮುಂದೆ ಮಾಡಿದ ಭಾಷಣ)



ಈ ಸೀಮೆಯಲ್ಲಿ ನಿಂತು ಗುಂಡಿನ ಗಾಯದ ಮಾತೆತ್ತುವುದು ಅಪ್ರಸ್ತುತವೆಂದು ಯಾರೂ ಎಣಿಸಲಾರರು. 1858ರ ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಮುಂಡರಗಿ ಭೀಮರಾಯನೂ ಹಮ್ಮಿಗಿ ಕೆಂಚನಗೌಡನೂ ಇಂಗ್ಲಿಷರ ದಂಡಿನೊಡನೆ ಕಾದಿ ಮಡಿದರು. ಮುಂದೆ 1947-48ರಲ್ಲಿ ಕುಷ್ಟಗಿಯು ನಿಜಾಮರ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿದ್ದಾಗ, ಗಡಿಯಾಚೆಯ ಗಜೇಂದ್ರಗಡ, ಮುಂಡರಗಿಗಳಲ್ಲಿ ಶಿಬಿರಗಳು ಎದ್ದವು. 1948ರ ಸಪ್ಟಂಬರ 17ರಂದು ನಿಜಾಮರು ಶರಣಾಗುವ ವರೆಗೆ ರಜಾಕಾರರ ಹಾವಳಿಯಲ್ಲಿ ನಮ್ಮ ಹಳ್ಳಿಗಳು ಬಂದೂಕಿನ ಸಪ್ಪಳ ಕೇಳಿಯೇ ಮಲಗುತ್ತಿದ್ದವು. ಈ ಹೋರಾಟದ ಕಥೆಯನ್ನು ತಾವು ಮಕ್ಕಳಿಗೆ ಹೇಳುತ್ತೀರಿ. ಗಾಯಗೊಂಡವನ ಮೈಯಲ್ಲಿ ಏನು ನಡೆಯಿತೆಂಬುದು ಮಾತ್ರ ಯಾವ ಪಾಠದಲ್ಲಿಯೂ ಬರುವುದಿಲ್ಲ.

ಗುಂಡು ಹೊಕ್ಕ ಬಾಯಿ ಸಾಮಾನ್ಯವಾಗಿ ಸಣ್ಣದು, ದುಂಡಗಿನದು. ಅದರ ಸುತ್ತ ಚರ್ಮ ತರಚಿದ ಒಂದು ಕಪ್ಪು ಬಳೆ ಇರುತ್ತದೆ. ಬಂದೂಕು ಹತ್ತಿರದಿಂದ ಹಾರಿದ್ದರೆ ಮಸಿಯೂ, ಉರಿಯದ ಮದ್ದಿನ ಕಣಗಳು ಚುಚ್ಚಿದ ಹಚ್ಚೆಯಂತಹ ಚುಕ್ಕೆಗಳೂ ಕಾಣುವವು. ಹೊರಬಿದ್ದ ಬಾಯಿ ಬಹುಶಃ ದೊಡ್ಡದು, ಹರಕುಮುರುಕಿನದು. ಆದರೆ ಈ ಎರಡು ಬಾಯಿಗಳನ್ನು ನೋಡಿ ಒಳಗಿನ ಹಾನಿಯನ್ನು ಅಳೆಯುವವನು ಮೋಸಹೋಗುತ್ತಾನೆ. ಗುಂಡಿನ ವೇಗ ಇಮ್ಮಡಿಯಾದರೆ ಅದರ ಬಲ ನಾಲ್ಮಡಿಯಾಗುತ್ತದೆ. ಸೆಕೆಂಡಿಗೆ ಸುಮಾರು 740 ಮೀಟರ ಓಡುವ ಸೈನ್ಯದ ರೈಫಲಿನ ಗುಂಡು ತನ್ನ ದಾರಿಯ ಸುತ್ತಲಿನ ಮಾಂಸವನ್ನು ಕ್ಷಣಾರ್ಧ ದೂರ ತಳ್ಳಿ, ತನ್ನ ಗಾತ್ರಕ್ಕಿಂತ ಎಷ್ಟೋ ಪಾಲು ಅಗಲವಾದ ಟೊಳ್ಳನ್ನು ಮಾಡುತ್ತದೆ. ಆ ಟೊಳ್ಳು ಮತ್ತೆ ಕೂಡಿಕೊಳ್ಳುವಾಗ ಅಂಗಿಯ ನೂಲು, ಧೂಳು, ಕೊಳೆ ಎಲ್ಲವೂ ಒಳಗೆ ಸೆಳೆಯಲ್ಪಡುತ್ತವೆ. ಗುಂಡು ಬಿಸಿಯಾದುದರಿಂದ ತನ್ನ ಹಾದಿಯನ್ನು ತಾನೇ ಶುದ್ಧ ಮಾಡುವದೆಂಬುದು ಬರೀ ಭ್ರಾಂತಿ.

ನಾವು ಇಂದು ಮುಖ್ಯವಾಗಿ ಹೇಳಬಂದುದು ಇಷ್ಟೇ: ಮೊದಲು ಕೊಲ್ಲುವುದು ರಕ್ತಸ್ರಾವ, ಆಮೇಲೆ ಕೊಲ್ಲುವುದು ಹೊಲಸು. ಒಳಗುಳಿದ ಸೀಸದ ಚೂರು ಬಹಳ ಸಲ ನಿರಪರಾಧಿ. ಜನರಾದರೋ "ಗುಂಡು ತೆಗೆದರೇ?" ಎಂದು ಮೊದಲು ಕೇಳುತ್ತಾರೆ. 1881ರ ಜುಲೈ 2ರಂದು ಅಮೇರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡು ತಗಲಿದಾಗ ವೈದ್ಯರು ತೊಳೆಯದ ಬೆರಳುಗಳಿಂದ ಅದನ್ನು ಹುಡುಕಿದರು. ಗಾಯ ಕೀವುಗಟ್ಟಿ ಸಪ್ಟಂಬರ 19ರಂದು ಅವರು ತೀರಿಕೊಂಡರು. ಅದೇ ದೇಶದ ರೂಸ್ವೆಲ್ಟರ ಎದೆಗೆ 1912ರಲ್ಲಿ ತಗಲಿದ ಗುಂಡನ್ನು ತೆಗೆಯಲೇ ಇಲ್ಲ. ಅದರೊಂದಿಗೇ ಅವರು 1919ರ ವರೆಗೆ ಬದುಕಿದರು. ಇದು ಪಶ್ಚಿಮದವರಷ್ಟೇ ಕಂಡ ಮಾತಲ್ಲ. ಶಲ್ಯವು ನಟ್ಟಿರುವ ತನಕ ಬದುಕಿದ್ದು, ಕಿತ್ತೊಡನೆ ಸಾಯುವಂಥ ಮರ್ಮಗಳುಂಟೆಂದು ನಮ್ಮ ಸುಶ್ರುತನು ಬಾಣಗಳ ಕಾಲದಲ್ಲಿಯೇ ಎಣಿಸಿ ಹೇಳಿದ್ದಾನೆ. ಕೀಲಿನೊಳಗೆ ಕುಳಿತ ಸೀಸ ಕರಗಿ ವಿಷವಾಗುತ್ತದೆ. ನರವನ್ನೋ ರಕ್ತನಾಳವನ್ನೋ ಒತ್ತುವ ಗುಂಡೂ ಇರುತ್ತದೆ. ಅಂಥವುಗಳನ್ನು ತೆಗೆಯಲೇಬೇಕು, ಆದರೆ ಅದು ಶಸ್ತ್ರವೈದ್ಯನ ಕೆಲಸ, ಚಿಮಟಿಗೆಯದಲ್ಲ.

ಹೊಲಸಿನ ಮಾತನ್ನು ಇನ್ನಷ್ಟು ವಿಸ್ತರಿಸುವೆವು, ಏಕೆಂದರೆ ಅದು ನಮ್ಮ ನೆಲಕ್ಕೆ ಸಂಬಂಧಪಟ್ಟದ್ದು. 1899ರಿಂದ 1902ರ ವರೆಗೆ ದಕ್ಷಿಣ ಆಫ್ರಿಕೆಯ ಒಣ ಬಯಲಿನಲ್ಲಿ ಕಾದಿದ ಇಂಗ್ಲಿಷ್ ವೈದ್ಯರು, ಗುಂಡಿನ ಗಾಯ ಮುಚ್ಚಿಬಿಟ್ಟರೆ ತಾನೇ ಮಾಯುವದೆಂದು ನಂಬಿ ಬಂದರು. 1914ರಲ್ಲಿ ಫ್ರಾನ್ಸ, ಬೆಲ್ಜಿಯಮ್‌ಗಳ ಗೊಬ್ಬರ ಹಾಕಿದ ಹೊಲಗಳಲ್ಲಿ ಅದೇ ರೀತಿ ಮಾಡಿದಾಗ ಗಾಯಗಳು ವಾಯು ತುಂಬಿ ಕೊಳೆತು, ಸಹಸ್ರಾರು ಜನ ಕೈಕಾಲುಗಳನ್ನೂ ಪ್ರಾಣವನ್ನೂ ಕಳೆದುಕೊಂಡರು. ದನದ ಗೊಬ್ಬರದ ಮಣ್ಣಿನಲ್ಲಿ ಧನುರ್ವಾಯುವಿನ ಬೀಜವೂ, ಈ ಕೊಳೆರೋಗದ ಬೀಜವೂ ಇರುತ್ತವೆ. ಗಾಳಿಯಾಡದ ಸತ್ತ ಮಾಂಸದಲ್ಲಿ ಅವು ಬೆಳೆಯುತ್ತವೆ. ನಮ್ಮ ಎರೆ ಹೊಲವೂ ಮಸಾರಿ ಹೊಲವೂ ಗೊಬ್ಬರ ಕಂಡ ಹೊಲಗಳೇ.

ಆದುದರಿಂದ ಈಗಿನ ಪದ್ಧತಿ ಹೀಗಿದೆ. ಗಾಯವನ್ನು ಅಗಲವಾಗಿ ತೆರೆದು, ಚಿವುಟಿದರೆ ಕುಗ್ಗದ, ಕೊಯ್ದರೆ ರಕ್ತ ಬಾರದ ಮಾಂಸವನ್ನೆಲ್ಲ ಕತ್ತರಿಸಿ, ತೊಳೆದು, ಹೊಲಿಯದೆ ಬಿಡುತ್ತಾರೆ. ನಾಲ್ಕೈದು ದಿನಗಳ ಮೇಲೆ ಶುದ್ಧವಾಗಿದ್ದರೆ ಹೊಲಿಯುತ್ತಾರೆ. ಇಲ್ಲವಾದರೆ ತಳದಿಂದ ಕೆಂಪು ಮಾಂಸಾಂಕುರ ಏರಿ ತಾನೇ ತುಂಬಿಕೊಳ್ಳಬೇಕು. ತೆರೆದ ಗಾಯ ಕಂಡು ಮನೆಯವರು "ಡಾಕ್ಟರು ಅರ್ಧಕ್ಕೇ ಬಿಟ್ಟರು" ಎಂದು ಗೊಣಗುವುದುಂಟು. ಹೊಲಿಯದಿರುವುದೇ ಅಲ್ಲಿಯ ವೈದ್ಯ. ಪೆನಿಸಿಲಿನ್ನಿನಂತಹ ಔಷಧಗಳು ಬಂದ ಮೇಲೂ ಈ ಕತ್ತರಿಯ ಕೆಲಸ ತಪ್ಪಿಲ್ಲ.

ದವಾಖಾನೆಗೆ ಮುಟ್ಟುವ ವರೆಗಿನ ಕೆಲಸ ತಮ್ಮಂಥವರದು. ಶುದ್ಧ ಬಟ್ಟೆಯಿಂದ ಗಾಯವನ್ನು ಬಲವಾಗಿ ಒತ್ತಿರಿ. ನೆತ್ತರಿನಿಂದ ತೊಯ್ದರೆ ಮೇಲೆ ಮತ್ತೊಂದಿಟ್ಟು ಒತ್ತಿರಿ, ತೆಗೆದು ತೆಗೆದು ನೋಡಬೇಡಿರಿ. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಮಾತ್ರ ಗಾಯದ ಮೇಲ್ಗಡೆ ಅಗಲ ಪಟ್ಟಿಯಿಂದ ಬಿಗಿದು, ಬಿಗಿದ ವೇಳೆಯನ್ನು ಬರೆದಿಡಿರಿ. ಹೊಟ್ಟೆಗೆ ತಗಲಿದವನಿಗೆ ಎಷ್ಟು ಬೇಡಿದರೂ ನೀರು ಕೊಡಬೇಡಿರಿ. ಅರಿಶಿನ, ಸುಣ್ಣ, ಸೆಗಣಿ ಯಾವುದೂ ಬೇಡ.

1948ರಲ್ಲಿ ಈ ಕಡೆ ಗಾಯಗೊಂಡ ಹೋರಾಟಗಾರನಿಗೆ ಸರಕಾರಿ ದವಾಖಾನೆಯ ಬಾಗಿಲು ಸೆರೆಮನೆಯ ಬಾಗಿಲೂ ಆಗಬಹುದಾಗಿತ್ತು. ಅವನು ಬಚ್ಚಿಟ್ಟುಕೊಂಡರೆ ಅರ್ಥವಿತ್ತು. ಇಂದಿಗೂ ಹಂದಿ ಕಾಯಲು ಹೋಗಿ ನಾಡಬಂದೂಕಿನ ಚರೆ ತಗಲಿದವನನ್ನು, ಕೇಸಾದೀತೆಂಬ ಅಂಜಿಕೆಯಿಂದ, ಕೊಟ್ಟಿಗೆಯಲ್ಲಿ ಮಲಗಿಸುವವರನ್ನು ನಾವು ಕಂಡಿದ್ದೇವೆ. ಮಲಗಿಸುವುದೂ ಎಲ್ಲಿ? ಧನುರ್ವಾಯುವಿನ ತವರುಮನೆಯಲ್ಲಿ! ಪೊಲೀಸರ ಕಾಗದಪತ್ರಕ್ಕೆ ಕಾಯದೆ, ಸರಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಬ್ಬ ವೈದ್ಯನೂ ಮೊದಲು ಜೀವ ಉಳಿಸತಕ್ಕದ್ದೆಂದು 1989ರಲ್ಲಿ ಪರಮಾನಂದ ಕಟಾರಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಪೊಲೀಸರಿಗೆ ವರದಿ ಹೋಗುವುದು ನಿಜ. ಅದು ಉಪಚಾರದ ಜೊತೆಗೆ ಹೋಗುತ್ತದೆ, ಉಪಚಾರವನ್ನು ತಡೆಯುವುದಿಲ್ಲ. ಗಾಯಾಳುವಿನ ತೂತುಬಿದ್ದ ಅಂಗಿಯನ್ನು ಒಗೆಯದೆ, ಕಾಗದದಲ್ಲಿ ಸುತ್ತಿ ಅವನ ಜೊತೆಯಲ್ಲಿಯೇ ಕಳಿಸಿರಿ.