ಗುಟ್ಟು ಎಲ್ಲಿ, ಬಯಲು ಎಲ್ಲಿ?



ಕಾಲೇಜಿನ ಚುನಾವಣೆ ಹುಡುಗರ ಆಟವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅಲ್ಲಿ ಕಲಿತ ಚಾಳಿಯೇ ನಾಳೆ ಕಾರ್ಮಿಕ ಸಂಘಕ್ಕೂ ಶಾಸನಸಭೆಗೂ ಬರುತ್ತದೆಂಬುದನ್ನು ಮರೆಯಬಾರದು.

ನಮ್ಮ ಊರಿನ ಗಚ್ಚಿಬೌಲಿಯಲ್ಲಿರುವ ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳು ಮತ ಹಾಕಿ ತಮ್ಮ ಸಂಘದ ಅಧ್ಯಕ್ಷರನ್ನು ಆರಿಸುತ್ತಾರೆ. ಇಂಥ ಚುನಾವಣೆಗಳಿಗೆ ಜೆ. ಎಂ. ಲಿಂಗ್ಡೊ ಸಮಿತಿ ಹಾಕಿಕೊಟ್ಟ ನಿಯಮಗಳನ್ನು ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರಿನಲ್ಲಿ ಎತ್ತಿ ಹಿಡಿಯಿತು. ಅದರಂತೆ ಒಬ್ಬ ಅಭ್ಯರ್ಥಿ 5000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಕೂಡದು. ಫಲಿತಾಂಶವಾದ 2 ವಾರಗಳಲ್ಲಿ ತನಿಖೆಯಾದ ಲೆಕ್ಕ ಒಪ್ಪಿಸಬೇಕು. ಮತ್ತೆ 2 ದಿನಗಳಲ್ಲಿ ಕಾಲೇಜು ಅದನ್ನು ಎಲ್ಲ ವಿದ್ಯಾರ್ಥಿಗಳಿಗೂ ಕಾಣುವಂತೆ ಪ್ರಕಟಿಸಬೇಕು. ತಪ್ಪಿದವನ ಆಯ್ಕೆ ರದ್ದು!

ನಿಯಮವೇನೋ ಇದೆ, ಲೆಕ್ಕ ತೋರಿಸೆಂದು ಕೇಳುವವರೆಷ್ಟು ಮಂದಿ? ಐದು ಸಾವಿರಕ್ಕೆ ಎಷ್ಟು ತಟ್ಟೆ ಬಿರಿಯಾನಿ ಬರುತ್ತದೆಂದು ಹೈದರಾಬಾದಿನವರಿಗೆ ನಾನು ಹೇಳಬೇಕೆ?

ಇನ್ನೊಂದು ಮಾತು. ಮತದಾರನ ಮತ ಗುಟ್ಟಾಗಿಯೇ ಇರಬೇಕು. ಗೆಳೆಯನಾಗಲಿ, ಗುರುವಾಗಲಿ, ಜಾತಿಯ ಮುಖಂಡನಾಗಲಿ ಅದನ್ನು ಇಣುಕಿ ನೋಡಬಾರದು. ಆದರೆ ಗೆದ್ದವನು ಸಂಘದ ಹಣದ ಮೇಲೆ, ಹಾಸ್ಟೆಲಿನ ಊಟದ ಮೇಲೆ ಸಭೆಯಲ್ಲಿ ಕೈ ಎತ್ತುವಾಗ ಆ ಮತ ಅವನ ಸ್ವಂತದ್ದಲ್ಲ, ಕಳುಹಿಸಿದವರದು. ಯಾರು ಪರ, ಯಾರು ವಿರುದ್ಧ ಎಂಬುದು ಹೆಸರು ಸಹಿತ ನಡಾವಳಿ ಪುಸ್ತಕಕ್ಕೆ ಏರಬೇಕು. ಆ ಪುಸ್ತಕ ಕೇಳಿದವರ ಕೈಗೆ ಸಿಗಬೇಕು. ಮತದಾರನಿಗೆ ಪರದೆ ರಕ್ಷಣೆ. ಪ್ರತಿನಿಧಿಗೆ ಅದೇ ಪರದೆ ತಪ್ಪಿಸಿಕೊಳ್ಳುವ ದಾರಿ.

ಇದಕ್ಕೆ ಯಾವ ನ್ಯಾಯಾಲಯದ ಅಪ್ಪಣೆಯೂ ಬೇಡ. ಒಂದು ಪುಸ್ತಕ, ಒಂದು ಲೇಖನಿ ಸಾಕು. ಮಿತ್ರರೆ, ನೀವು ಕಾಲೇಜಿನಲ್ಲಿ ಕೇಳಿರಿ; ನಾವು ನಮ್ಮ ಸಂಘದಲ್ಲಿ ಕೇಳುತ್ತೇವೆ.