ತಂಬಾಕಿಗೆ ಅಂಕ ಕೊಡುವವರು



ಅಳ್ನಾವರದವರಿಗೆ ರೈಲಿನ ಬಗ್ಗೆ ಹೇಳಬೇಕಾಗಿಲ್ಲ. ಒಂದು ಕಡೆ ಧಾರವಾಡ, ಹುಬ್ಬಳ್ಳಿ. ಇನ್ನೊಂದು ಕಡೆ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಗೋವೆಯ ಮರ್ಮಗೋವಾ ಬಂದರು. ಮಗ್ಗುಲಲ್ಲಿ ಅಂಬೇವಾಡಿಗೆ ಹೊರಳುವ ಕವಲು. ಗೋವೆಯ ಕಡಲನ್ನು ಬಯಲುಸೀಮೆಗೆ ಜೋಡಿಸಿದ ಈ ಹಳಿ ಬಿದ್ದದ್ದು 1880ರ ದಶಕದಲ್ಲಿ. ಆದರೆ ಅದಕ್ಕೂ ಸುಮಾರು ಮುನ್ನೂರು ವರ್ಷ ಮೊದಲೇ ಗೋವೆಯ ಸರಕು ಘಟ್ಟ ಹತ್ತಿ ಬರುತ್ತಿತ್ತು. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದ ಮೂರು ಬೆಳೆಗಳು ಈ ನಾಡಿನಲ್ಲಿ ಬೇರೂರಿದವು. ಒಂದು ಮೆಣಸಿನಕಾಯಿ, ಬ್ಯಾಡಗಿಗೆ ಹೆಸರು ತಂದದ್ದು. ಇನ್ನೊಂದು ಗೋಡಂಬಿ. ಮೂರನೆಯದು ತಂಬಾಕು.

ಇಂದಿನ ವಿಷಯ ಈ ಮೂರನೆಯದರ ಸುತ್ತ ಬೆಳೆದ ಒಂದು ಹವ್ಯಾಸ. ಬಗೆಬಗೆಯ ಸಿಗಾರ್‌ಗಳ ರುಚಿ ನೋಡಿ, ಉತ್ತರಪತ್ರಿಕೆಗೆ ಹಾಕಿದಂತೆ ಅವುಗಳಿಗೆ ನೂರಕ್ಕೆ ಇಷ್ಟು ಎಂದು ಅಂಕ ಹಾಕುವವರು ಜಗತ್ತಿನಲ್ಲಿದ್ದಾರೆ. ಕೇಳಿದರೆ ನಗು ಬರಬಹುದು. ಸುಟ್ಟು ಬೂದಿಯಾಗುವ ವಸ್ತುವಿಗೆ ಅಂಕ ಯಾಕೆ? ಆದರೆ ತಂಬಾಕಿನ ಎಲೆಯನ್ನು ಪರೀಕ್ಷೆಗೆ ಹಚ್ಚುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಅದು ಎಲ್ಲಿ ಹವ್ಯಾಸ, ಎಲ್ಲಿ ಹೊಟ್ಟೆಪಾಡು ಎಂದು ವಿಚಾರಿಸಿದರೆ ನಗು ಅಷ್ಟು ಸುಲಭವಾಗಿ ಬರುವುದಿಲ್ಲ.

ನೂರು ಅಂಕದ ಪರೀಕ್ಷೆ

ಸಿಗಾರ್ ಎಂದರೆ ದೊಡ್ಡವರ ಚುಟ್ಟಾ. ಕಾಗದವಿಲ್ಲ, ಬೀಡಿ ಎಲೆಯಿಲ್ಲ. ಒಳಗೂ ತಂಬಾಕು, ಹೊರಗೂ ತಂಬಾಕು. ಒಳಗೆ ತುಂಬುವ ಎಲೆ, ಅದನ್ನು ಬಿಗಿದು ಹಿಡಿಯುವ ಎಲೆ, ಮೇಲೆ ಸುತ್ತುವ ನುಣುಪಾದ ಹೊದಿಕೆಯ ಎಲೆ ಎಂದು ಮೂರು ಭಾಗ. ಕ್ಯೂಬಾದಲ್ಲಿ ಒಂದೇ ಗಿಡದ ಎಲೆಗಳನ್ನೂ ಬೇರೆ ಬೇರೆ ಮಾಡುತ್ತಾರೆ. ಬುಡದ ಎಲೆ ಸಲೀಸಾಗಿ ಉರಿಯುತ್ತದೆ, ನಡುವಿನ ಎಲೆ ಪರಿಮಳ ಕೊಡುತ್ತದೆ, ಬಿಸಿಲು ಹೆಚ್ಚು ಕುಡಿದ ತುದಿಯ ಎಲೆಗೆ ಖಾರ ಹೆಚ್ಚು. ಇವನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕು ಎಂಬುದರಲ್ಲೇ ತಯಾರಕನ ಜಾಣತನ ಅಡಗಿದೆ. ಮಸಾಲೆ ಪುಡಿ ಕುಟ್ಟುವ ಮನೆಯವರಿಗೆ ಇದು ಬೇಗ ಅರ್ಥವಾಗುವ ಮಾತು.

ಇದನ್ನು ಪರೀಕ್ಷಿಸುವವರದ್ದು ಒಂದು ಶಿಸ್ತು. ಮೊದಲು ಹೆಸರಿನ ಪಟ್ಟಿಯನ್ನು ತೆಗೆದುಹಾಕುತ್ತಾರೆ. ಯಾವ ಕಂಪನಿಯದ್ದು, ಬೆಲೆ ಎಷ್ಟು ಎಂಬುದು ಪರೀಕ್ಷಕನಿಗೆ ತಿಳಿಯಬಾರದು. ಆಮೇಲೆ ಹೊದಿಕೆಯ ಬಣ್ಣ, ನರಗಳು, ಕೈಗೆ ಸಿಗುವ ಬಿಗಿ ನೋಡುತ್ತಾರೆ. ಹೊತ್ತಿಸಿದ ಬಳಿಕ ಹೊಗೆಯನ್ನು ಎದೆಗೆ ಎಳೆದುಕೊಳ್ಳದೆ ಬಾಯಲ್ಲೇ ಆಡಿಸಿ ಬಿಡುತ್ತಾರೆ. ಆರಂಭ, ನಡು, ಕೊನೆ ಎಂದು ಮೂರು ಹಂತದ ರುಚಿಯನ್ನು ಬೇರೆ ಬೇರೆ ಬರೆದುಕೊಳ್ಳುತ್ತಾರೆ. ತೊಗಲಿನ ವಾಸನೆ, ದೇವದಾರು, ಕಾಫಿ, ಕೋಕೋ, ಕರಿಮೆಣಸು ಹೀಗೆ ಅವರ ಶಬ್ದಗಳು. ಸರಿಯಾಗಿ ಉರಿಯಿತೇ, ಬೂದಿ ಗಟ್ಟಿಯಾಗಿ ನಿಂತಿತೇ ಎಂಬುದಕ್ಕೂ ಲೆಕ್ಕವಿದೆ.

ಅಂಕದ ಪದ್ಧತಿ ಬಂದದ್ದು ದ್ರಾಕ್ಷಾರಸದ ಲೋಕದಿಂದ. ಅಮೆರಿಕದ ರಾಬರ್ಟ್ ಪಾರ್ಕರ್ 1970ರ ದಶಕದ ಕೊನೆಯಲ್ಲಿ ವೈನಿಗೆ ನೂರು ಅಂಕದ ಮಾಪನ ಬಳಸಿ ಹೆಸರಾದರು. 1992ರಲ್ಲಿ ಆರಂಭವಾದ 'ಸಿಗಾರ್ ಅಫಿಷನಾಡೊ' ಎಂಬ ಪತ್ರಿಕೆ ಅದನ್ನೇ ಸಿಗಾರ್‌ಗೆ ಹಚ್ಚಿತು. ತೊಂಬತ್ತು ದಾಟಿದರೆ ಉತ್ತಮ, ತೊಂಬತ್ತೈದು ದಾಟಿದರೆ ಅತ್ಯುತ್ತಮ. ಆ ಅಂಕ ಅಂಗಡಿಯ ಬೆಲೆಯನ್ನೂ ಏರಿಸತೊಡಗಿತು.

ಈ ಹುಚ್ಚು ಅಮೆರಿಕದ್ದು ಮಾತ್ರ ಎಂದೇನೂ ಅಲ್ಲ. ಇಂಗ್ಲಿಷಿನಲ್ಲಿ 'ಚೆರೂಟ್' ಎಂಬ ಶಬ್ದವಿದೆ. ಅದು ತಮಿಳಿನ 'ಸುರುಟ್ಟು'ವಿನಿಂದ ಹೋದದ್ದು. ತಿರುಚಿರಾಪಳ್ಳಿ, ದಿಂಡಿಗಲ್ಲುಗಳ ಚುಟ್ಟಾ ಬ್ರಿಟಿಷರ ಕಾಲದಲ್ಲಿ ಲಂಡನ್ನಿನವರೆಗೆ ಹೆಸರಾಗಿತ್ತು. ಕೋನನ್ ಡಾಯ್ಲ್ 1887ರಲ್ಲಿ ಪ್ರಕಟಿಸಿದ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ ಪತ್ತೇದಾರ ನೆಲದ ಮೇಲಿನ ಬೂದಿಯನ್ನು ನೋಡಿಯೇ ಇದು ತಿರುಚಿರಾಪಳ್ಳಿಯ ಚುಟ್ಟಾ ಎಂದು ಹೇಳಿಬಿಡುತ್ತಾನೆ. 140 ಬಗೆಯ ತಂಬಾಕಿನ ಬೂದಿಯ ಬಗ್ಗೆ ಅವನೊಂದು ಪ್ರಬಂಧವನ್ನೇ ಬರೆದಿದ್ದನಂತೆ! ಕಥೆಯಾದರೂ ಆ ಕಾಲದ ಓದುಗರಿಗೆ ಅದು ನಂಬಲಾಗದ ಮಾತಾಗಿರಲಿಲ್ಲ.

ಬಿಜಾಪುರದಿಂದ ಆಗ್ರಾಕ್ಕೆ

ತಂಬಾಕನ್ನು ಕುತೂಹಲದ ವಸ್ತುವಾಗಿ ಸವಿದು ನೋಡಿದ ಪ್ರಸಂಗಗಳಲ್ಲಿ ಭಾರತದ ಮಟ್ಟಿಗೆ ತುಂಬ ಹಳೆಯದೊಂದು ಕನ್ನಡ ನಾಡಿಗೆ ಸೇರಿದ್ದು. ಬಿಜಾಪುರ, ಅಂದರೆ ಇಂದಿನ ವಿಜಯಪುರ, ಆಗ ಇಮ್ಮಡಿ ಇಬ್ರಾಹಿಂ ಆದಿಲಶಾಹನ ರಾಜಧಾನಿ. 1604ರ ಸುಮಾರಿಗೆ ಮೊಗಲ್ ಚಕ್ರವರ್ತಿ ಅಕ್ಬರನ ರಾಯಭಾರಿಯಾಗಿ ಅಸದ್ ಬೇಗ್ ಅಲ್ಲಿಗೆ ಬಂದ. ಉತ್ತರದಲ್ಲಿ ಎಲ್ಲೂ ಕಾಣದಿದ್ದ ತಂಬಾಕು ಅವನಿಗೆ ಇಲ್ಲಿ ಸಿಕ್ಕಿತು. ಗೋವೆ 1510ರವರೆಗೆ ಆದಿಲಶಾಹಿಗಳ ಕೈಯಲ್ಲಿದ್ದ ಊರು. ಪೋರ್ಚುಗೀಸರಿಗೆ ಹೋದ ಮೇಲೂ ವ್ಯಾಪಾರ ನಿಂತಿರಲಿಲ್ಲ. ಹೀಗಾಗಿ ಹೊಸ ಎಲೆ ಆಗ್ರಾಕ್ಕಿಂತ ಮೊದಲು ಬಿಜಾಪುರದಲ್ಲಿ ಕಾಣಿಸಿಕೊಂಡದ್ದು ಸಹಜ.

ಅಸದ್ ಬೇಗ್ ಸುಮ್ಮನೆ ಎಲೆ ಕಟ್ಟಿಕೊಂಡು ಹೋಗಲಿಲ್ಲ. ತನ್ನ ವೃತ್ತಾಂತದಲ್ಲಿ ಅವನು ಎಲ್ಲವನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಸುಮಾತ್ರಾದ ಆಚೆಯಿಂದ ಬಂದ ಮೂರು ಮೊಳದ ಕೊಳವೆ, ಅದರ ಎರಡೂ ತುದಿಗೆ ರತ್ನದ ಕೆಲಸ, ಬಾಯಿಗಿಡುವಲ್ಲಿ ಯೆಮೆನ್ ದೇಶದ ಕೆಂಪು ಕಲ್ಲು, ಬೆಂಕಿಗೆ ಚಿನ್ನದ ಬಟ್ಟಲು. ತಂಬಾಕು ತುಂಬಿದ್ದು ಆದಿಲಶಾಹ ಕೊಟ್ಟಿದ್ದ ಎಲೆಯಡಿಕೆಯ ಚಂಚಿಯಲ್ಲಿ. ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿಟ್ಟು ಅಕ್ಬರನ ಮುಂದೆ ಒಪ್ಪಿಸಿದ.

ಅಕ್ಬರ್ ಇದೇನೆಂದು ಕೇಳಿದ. ಮೆಕ್ಕಾ ಮದೀನಾಗಳಲ್ಲಿ ಬಲ್ಲ ವಸ್ತು, ಔಷಧವೆಂದು ತಂದಿದ್ದಾನೆ ಎಂದು ಸರದಾರ ಅಜೀಜ್ ಕೋಕಾ ಹೇಳಿದ. ಬಾದಶಹ ಸೇದಲು ಹೊರಟಾಗ ಹಕೀಮ ಅಡ್ಡ ಬಂದ. ತಂದವನ ಮನಸ್ಸು ನೋಯಬಾರದೆಂದು ಅಕ್ಬರ್ ಎರಡು ಮೂರು ಸಲ ಎಳೆದ. ಅಷ್ಟಕ್ಕೇ ಹಕೀಮ ಚಡಪಡಿಸಿದ. ಗ್ರಂಥಗಳಲ್ಲಿ ಇದರ ಪ್ರಸ್ತಾಪವಿಲ್ಲ, ಗುಣ ಗೊತ್ತಿಲ್ಲದ್ದನ್ನು ದೊರೆ ಸೇವಿಸುವುದು ತರವಲ್ಲ ಎಂಬುದು ಅವನ ವಾದ. ಪರೀಕ್ಷೆ ಮಾಡದೆಯೇ ತಳ್ಳಿಹಾಕುವುದೂ ಸರಿಯಲ್ಲ, ಫಿರಂಗಿಗಳಲ್ಲಿಯೂ ತಿಳಿದವರಿದ್ದಾರೆ ಎಂಬುದು ಅಸದ್ ಬೇಗನ ವಾದ.

ವಾದ ಅಲ್ಲಿಗೆ ನಿಂತಿತು, ಚಟ ನಿಲ್ಲಲಿಲ್ಲ. ದರ್ಬಾರಿನ ಸರದಾರರೆಲ್ಲ ಕೇಳಿ ಕೇಳಿ ಪಡೆದರು. ವ್ಯಾಪಾರಿಗಳು ಮಾರಾಟಕ್ಕಿಳಿದರು. 1617ರಲ್ಲಿ ಜಹಾಂಗೀರ್ ತಂಬಾಕು ನಿಷೇಧಿಸಿದರೂ ಅದು ಕಾಗದದ ಮೇಲೆಯೇ ಉಳಿಯಿತು. ಬೀದರಿನ ಕುಶಲಕರ್ಮಿಗಳು ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸಿ ಮಾಡಿದ ಹದಿನೇಳನೆಯ ಶತಮಾನದ ಬಿದ್ರಿ ಹುಕ್ಕಾ ಪಾತ್ರೆಗಳು ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ರುಚಿಯ ಜೊತೆಗೇ ಠೀವಿಯೂ ಬೆಳೆಯಿತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಿಪ್ಪಾಣಿಯ ವಖಾರಿ

ದೊರೆಯ ತಟ್ಟೆಯಿಂದ ಇನ್ನು ರೈತನ ಹೊಲಕ್ಕೆ ಬರೋಣ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿನ ದೊಡ್ಡ ಪೇಟೆ. ಅಲ್ಲಿನ ಕಪ್ಪು ಮಣ್ಣಿನಲ್ಲಿ ಮಳೆ ನಂಬಿ ಬೆಳೆಯುವ ಬೆಳೆ ಅದು. ಹೂ ಬಿಡುವ ಮೊದಲು ಗಿಡದ ಕುಡಿ ಚಿವುಟಬೇಕು, ಪಕ್ಕದಲ್ಲಿ ಒಡೆದ ಚಿಗುರನ್ನು ಮತ್ತೆ ಮತ್ತೆ ಮುರಿಯಬೇಕು. ಸತ್ವವೆಲ್ಲ ಎಲೆಗೆ ಇಳಿಯಲಿ ಎಂದು ಇಷ್ಟೆಲ್ಲ. ಎಲೆಯ ಮೇಲೆ ಕಂದು ಚುಕ್ಕೆ ಎದ್ದರೆ ಮಾಗಿತೆಂದು ಲೆಕ್ಕ. ಆಮೇಲೆ ಬಿಸಿಲಲ್ಲಿ ಒಣಗಿಸಿ, ಪುಡಿಮಾಡಿ, ಚೀಲ ತುಂಬಿ ಪೇಟೆಗೆ ತರುವುದು.

ಇಲ್ಲಿಯೂ ಒಬ್ಬ ಪರೀಕ್ಷಕನಿದ್ದಾನೆ. ಅವನು ಹವ್ಯಾಸಿಯಲ್ಲ, ಖರೀದಿದಾರ. ಮುಷ್ಟಿಯಲ್ಲಿ ಹಿಡಿದು ಬಣ್ಣ ನೋಡುತ್ತಾನೆ, ಮೂಗಿಗೆ ಹಿಡಿದು ಖಾರ ಅಳೆಯುತ್ತಾನೆ. ಅವನು ಹೇಳುವ ದರ್ಜೆಯ ಮೇಲೆ ರೈತನ ಇಡೀ ವರ್ಷ ನಿಂತಿದೆ. ಅಲ್ಲಿ ಸಿಗಾರ್ ಪರೀಕ್ಷೆಯಂತೆ ಹೆಸರು ಮುಚ್ಚುವ ಪದ್ಧತಿಯಿಲ್ಲ. ಅಂಕ ಕೊಡುವವನೇ ಕೊಳ್ಳುವವನು. ಅಂಕ ಕಡಿಮೆಯಾದಷ್ಟೂ ಅವನಿಗೆ ಲಾಭ.

ಈ ಒಂದು ಮಾತನ್ನು ಹಿಡಿದರೆ 1981ರ ನಿಪ್ಪಾಣಿ ಚಳವಳಿ ಅರ್ಥವಾಗುತ್ತದೆ. ನ್ಯಾಯವಾದ ಬೆಲೆಗಾಗಿ ತಂಬಾಕು ಬೆಳೆಗಾರರು ಶರದ್ ಜೋಶಿಯವರ ನಾಯಕತ್ವದಲ್ಲಿ ಆ ವರ್ಷದ ಮಾರ್ಚ್‌ನಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ಬೀಡುಬಿಟ್ಟರು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು. 12 ಮಂದಿ ರೈತರು ಸತ್ತರು.

ಮೈಸೂರು ಕಡೆಯ ಹುಣಸೂರು, ಪಿರಿಯಾಪಟ್ಟಣಗಳ ಸಿಗರೇಟು ತಂಬಾಕಿನ ಕಥೆ ಸ್ವಲ್ಪ ಬೇರೆ. ಅಲ್ಲಿ 1984ರಿಂದ ತಂಬಾಕು ಮಂಡಳಿಯ ಹರಾಜು ಕಟ್ಟೆಗಳಿವೆ. ದರ್ಜೆ ಬರೆದ ಚೀಟಿ, ಹಲವು ಖರೀದಿದಾರರ ಪೈಪೋಟಿ, ಸರಕಾರದ ಕಣ್ಣು ಇವೆ. ಅಲ್ಲಿಯೂ ದರದ ತಕರಾರು ತಪ್ಪಿದ್ದಲ್ಲ. ಆದರೂ ಅಂಕ ಕೊಡುವ ಕೆಲಸ ಬಹಿರಂಗವಾಗಿ ನಡೆಯುತ್ತದೆ ಎಂಬಷ್ಟು ವ್ಯತ್ಯಾಸವಿದೆ. ಬೀಡಿ ತಂಬಾಕಿಗೆ ಆ ಹರಾಜು ಇಲ್ಲ.

ರೈತನ ನಂತರ ಎಲೆ ಸೇರುವುದು ವಖಾರಿಗೆ. ಅಲ್ಲಿ ಅದನ್ನು ಬಡಿಯುವವರು, ಜರಡಿ ಹಿಡಿಯುವವರು, ಆರಿಸುವವರು ಹೆಚ್ಚಾಗಿ ಹೆಣ್ಣುಮಕ್ಕಳು. ದಿನವಿಡೀ ಘಾಟು, ಧೂಳು, ಕೆಮ್ಮು. ಯಾವ ಪುಡಿ ಒಳ್ಳೆಯದು, ಯಾವುದು ಕಡ್ಡಿ ಎಂದು ಅವರ ಬೆರಳಿಗೆ ತಿಳಿದಷ್ಟು ಸಿಗಾರ್ ಪತ್ರಿಕೆಯ ಪರೀಕ್ಷಕನಿಗೂ ತಿಳಿದಿರಲಾರದು. ಆದರೆ ಆ ತಿಳಿವಳಿಕೆಯನ್ನು ಹವ್ಯಾಸ ಎಂದು ಯಾರೂ ಕರೆಯುವುದಿಲ್ಲ. ಅವರು ಸಂಘಟಿತರಾಗಿ ಕೂಲಿ ಮತ್ತು ಮರ್ಯಾದೆಗಾಗಿ ಹೋರಾಡಿದ ಕಥೆಯನ್ನು 'ಯುಗಾಂತರ' ಎಂಬ ಮಹಿಳೆಯರ ತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿ ದಾಖಲಿಸಿತು. ದೀಪಾ ಧನರಾಜ್ ಆ ತಂಡದಲ್ಲಿದ್ದರು.

ಹಕೀಮನ ಮಾತು

ಉಳಿದದ್ದು ಆಗ್ರಾದ ಹಕೀಮನ ಪ್ರಶ್ನೆ. ಅಂದು ಅವನ ಬಳಿ ಪುರಾವೆ ಇರಲಿಲ್ಲ. ಇಂದು ಬೇಕಾದಷ್ಟಿದೆ. ಸಿಗಾರ್ ಹವ್ಯಾಸಿಗಳು ಹೊಗೆ ಎದೆಗೆ ಎಳೆಯುವುದಿಲ್ಲವಲ್ಲ, ಅಪಾಯವೇನು ಎಂದು ವಾದಿಸುವುದುಂಟು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲಿ ಸಿಗಾರ್ ಕುರಿತೇ ಒಂದು ವರದಿ ಹೊರತಂದಿತು. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರ್‌ಗೆ ಸಿಗಾರ್ ಕಾರಣವಾಗುತ್ತದೆ ಎಂದು ಅದು ಸ್ಪಷ್ಟವಾಗಿ ಹೇಳಿತು. ದೊಡ್ಡದೊಂದು ಸಿಗಾರ್‌ನಲ್ಲಿ ಒಂದು ಪ್ಯಾಕು ಸಿಗರೇಟಿನಷ್ಟು ತಂಬಾಕು ಇರಬಹುದು. ಹೊಲದಲ್ಲಿ ಒದ್ದೆ ಎಲೆ ಕೀಳುವವರ ಚರ್ಮದ ಮೂಲಕವೇ ನಿಕೋಟಿನ್ ಒಳಸೇರಿ ತಲೆಸುತ್ತು, ವಾಂತಿ ಬರುವುದೂ ಉಂಟು. ಸೇದದವರಿಗೂ ಅದು ತಪ್ಪುವುದಿಲ್ಲ.

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ದೇಶದಾದ್ಯಂತ ಕಟ್ಟುನಿಟ್ಟಿನ ನಿರ್ಬಂಧ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂತು. 2024ರಲ್ಲಿ ಕರ್ನಾಟಕ ಸರಕಾರ ಹುಕ್ಕಾವನ್ನು ನಿಷೇಧಿಸಿತು. ಬಿಜಾಪುರದಿಂದ ಹೊರಟ ಆ ಕೊಳವೆ ನಾಲ್ಕು ನೂರು ವರ್ಷಗಳ ನಂತರ ಅದೇ ನಾಡಿನಲ್ಲಿ ಕಾನೂನಿನ ಕೈಗೆ ಸಿಕ್ಕಿತು ಎನ್ನಬೇಕು.

ಹಾಗಾದರೆ ರುಚಿ ನೋಡುವ ವಿದ್ಯೆಯೇ ಕೆಟ್ಟದ್ದೇ? ಅಲ್ಲ. ಮೂಗು, ನಾಲಗೆಗಳನ್ನು ಪಳಗಿಸುವುದು ಬಹಳ ಶ್ರಮದ ವಿದ್ಯೆ. ಕೊಡಗು, ಚಿಕ್ಕಮಗಳೂರುಗಳ ಕಾಫಿಯನ್ನು ಪರೀಕ್ಷಿಸುವವರು ಇದೇ ಕ್ರಮದಲ್ಲಿ ಪರಿಮಳ ಹೀರಿ, ಚಮಚದಿಂದ ಒಂದು ಗುಟುಕು ಸವಿದು, ಉಗುಳಿ ಅಂಕ ಹಾಕುತ್ತಾರೆ. ಕಾಫಿ ಮಂಡಳಿ ಅದಕ್ಕೆ ಸ್ಪರ್ಧೆಯನ್ನೂ ನಡೆಸಿದೆ. ಅಲ್ಲಿ ಅಂಕ ಹೆಚ್ಚಿದರೆ ಬೆಳೆಗಾರನ ಹೆಸರು ಮೇಲೆ ಬರುತ್ತದೆ, ಸವಿದವನ ಬಾಯಿಗೆ ಕೇಡಿಲ್ಲ. ವಿದ್ಯೆ ಒಂದೇ, ಅದನ್ನು ಹಚ್ಚುವ ವಸ್ತು ಬೇರೆ.

ತಂಬಾಕಿನ ಎಲೆಗೆ ನಿಜವಾಗಿ ಮೂವರು ಪರೀಕ್ಷಕರಿದ್ದಾರೆ. ಒಬ್ಬನ ನಾಲಗೆ ಸೊಗಸು ಹೇಳುತ್ತದೆ. ಇನ್ನೊಬ್ಬರ ಕೈ ಅದರ ಕಷ್ಟ ಹೇಳುತ್ತದೆ. ಮೂರನೆಯವನಾದ ವೈದ್ಯ ಅದರ ಕೊನೆ ಹೇಳುತ್ತಾನೆ. ನೂರು ಅಂಕದ ಪಟ್ಟಿಯಲ್ಲಿ ಬರೆದಿರುವುದು ಮೊದಲನೆಯವನ ಮಾತು ಮಾತ್ರ. ಆ ಪಟ್ಟಿಯನ್ನು ಓದುವಾಗ ಉಳಿದಿಬ್ಬರನ್ನೂ ಕೇಳಬೇಕು.

ಅಕ್ಬರ್ ಮಾಡಿದ್ದೂ ಅದನ್ನೇ ಎನ್ನಬಹುದು. ತಂದವನ ಮಾತು ಕೇಳಿದ, ಎರಡು ಮೂರು ಸಲ ಎಳೆದು ನೋಡಿದ, ಹಕೀಮನ ಮಾತನ್ನೂ ಕೇಳಿದ. ದರ್ಬಾರಿನವರೆಲ್ಲ ಚಟಕ್ಕೆ ಬಿದ್ದರೂ ತಾನು ಮಾತ್ರ ಆ ಅಭ್ಯಾಸ ಮಾಡಿಕೊಳ್ಳಲಿಲ್ಲ ಎಂದು ಅಸದ್ ಬೇಗನೇ ಬರೆದಿಟ್ಟಿದ್ದಾನೆ.